ತೊನ್ನಿಗೆ ಲೇಸರ್ ಜೊತೆ ಸ್ಟೀರಾಯ್ಡ್ ಮುಲಾಮು: ಬಳ್ಳಾರಿ ಬಿಸಿಲಲ್ಲಿ ನನ್ನ ಅನುಭವ

ತೊನ್ನಿಗೆ 308 ನ್ಯಾನೋಮೀಟರ್ ಎಕ್ಸಿಮರ್ ಲೇಸರ್ (ಮಚ್ಚೆಯ ಮೇಲಷ್ಟೇ ಬಿಡುವ ನೇರಳಾತೀತ ಬೆಳಕು) ಕೊಡುವಾಗ ಮೊದಲು ನೋಡುವುದು ಮಚ್ಚೆಯ ಮೇಲಿನ ಕೂದಲು. ಬಣ್ಣ ಮರಳುವುದು ಹೆಚ್ಚಾಗಿ ಕೂದಲ ಬುಡದಲ್ಲಿ ಉಳಿದ ಬಣ್ಣದ ಕೋಶಗಳಿಂದ. ಕೂದಲೂ ಬೆಳ್ಳಗಾಗಿದ್ದರೆ, ಅಥವಾ ಮಚ್ಚೆ ಬೆರಳ ತುದಿಯಲ್ಲೋ ತುಟಿಯಲ್ಲೋ ಇದ್ದರೆ ನಾನು ಹೆಚ್ಚು ಆಸೆ ಹುಟ್ಟಿಸುವುದಿಲ್ಲ. ಮುಖ, ಕುತ್ತಿಗೆ ಬೇಗ ಒಲಿಯುತ್ತವೆ. ಎಲ್ಲ ಮಚ್ಚೆ ಸೇರಿ ರೋಗಿಯ ಹತ್ತು ಅಂಗೈ (ಬೆರಳೂ ಸೇರಿ) ಮೀರಿದರೆ ಲೇಸರ್‌ಗಿಂತ ನ್ಯಾರೋಬ್ಯಾಂಡ್ ಯುವಿಬಿ ಚೇಂಬರ್, ಅಂದರೆ ಇಡೀ ಮೈಗೆ ನೇರಳಾತೀತ ಬೆಳಕು ಕೊಡುವ ಪೆಟ್ಟಿಗೆ, ವಾಸಿ.

ವಾರಕ್ಕೆ ಎರಡು ಸಲ, ನಡುವೆ ಕನಿಷ್ಠ 48 ಗಂಟೆ. ಬೆಳಕಿನ ಡೋಸ್ ಮುಖಕ್ಕೆ ಚದರ ಸೆಂಟಿಮೀಟರಿಗೆ 100 ಮಿಲಿಜೂಲ್ (ಶಕ್ತಿಯ ಅಳತೆ), ಕೈಕಾಲಿಗೆ 150ರಿಂದ ಶುರು. ಅಂಚಿನ ಒಳ್ಳೆಯ ಚರ್ಮಕ್ಕೆ ಜಿಂಕ್ ಆಕ್ಸೈಡ್ ಬಳಿಯಬೇಕು. ಇಲ್ಲದಿದ್ದರೆ ಸುತ್ತ ಕಪ್ಪು ಉಂಗುರ ಬಿದ್ದು ಮಚ್ಚೆ ಇನ್ನೂ ಎದ್ದು ಕಾಣುತ್ತದೆ. ರೋಗಿಗೂ ಲೇಸರ್ ಕೊಡುವವರಿಗೂ ರಕ್ಷಣೆಯ ಕನ್ನಡಕ ಕಡ್ಡಾಯ.

ಮುಂದಿನ ಡೋಸ್ ನಿರ್ಧರಿಸುವುದು ಯಂತ್ರದ ಪಟ್ಟಿಯಲ್ಲ, ಹಿಂದಿನ ಸಲದ ಕೆಂಪು. ‘ಅಕ್ಕಾ, ಮನ್ನೆ ಹೋದಮ್ಯಾಲೆ ಕೆಂಪು ಎಷ್ಟೊತ್ತು ಇತ್ತು? ಮರುದಿನ ಮುಂಜಾನಿಗೂ ಇತ್ತೇನು?’ ಅಂತ ಕೇಳಿಯೇ ಕೈ ಹಾಕುವುದು. ಕೆಂಪೇ ಬಂದಿಲ್ಲವೆಂದರೆ 50 ಮಿಲಿಜೂಲ್ ಏರಿಕೆ. ತಿಳಿಗುಲಾಬಿ ಬಣ್ಣ ಬಂದು ಒಂದೆರಡು ದಿನದಲ್ಲಿ ಇಳಿದರೆ ಅದೇ ಡೋಸ್. ಇನ್ನೂ ಉರಿ ಇದ್ದರೆ, ಬೊಬ್ಬೆ ಎದ್ದಿದ್ದರೆ ಅಂದು ಲೇಸರ್ ಇಲ್ಲ. ಮಾಗಿದ ಮೇಲೆ ಕಡಿಮೆ ಡೋಸ್‌ನಿಂದ ಮತ್ತೆ ಶುರು.

ಲೇಸರ್ ಜೊತೆ ಹಚ್ಚಿಸುವ ಸ್ಟೀರಾಯ್ಡ್ ಮುಲಾಮಿನ ತೊಡಕು ಇಲ್ಲೇ. ಸ್ಟೀರಾಯ್ಡ್ ರಕ್ತನಾಳ ಕುಗ್ಗಿಸಿ ಕೆಂಪನ್ನು ಅಡಗಿಸಬಲ್ಲದು. ಲೇಸರ್ ದಿನ ರಾತ್ರಿಯೂ ಹಚ್ಚಿದರೆ ‘ಕೆಂಪಾಗಿಲ್ಲ’ ಎಂಬ ಉತ್ತರ ನಂಬಿ ಡೋಸ್ ಏರಿಸುತ್ತೇವೆ, ಸುಡುತ್ತೇವೆ. ಆದ್ದರಿಂದ ಲೇಸರ್ ದಿನ ಮುಲಾಮಿಗೆ ರಜೆ, ಉಳಿದ ರಾತ್ರಿ ಒಂದೇ ಸಲ. ಮೈಗೆ ಮೊಮೆಟಾಸೋನ್ 0.1% ಎಂಬ ಸ್ಟೀರಾಯ್ಡ್, ಮೂರು ವಾರ ಹಚ್ಚಿ ಒಂದು ವಾರ ಬಿಡುವು. ಬೆರಳಿನ ತುದಿಯ ಗೆಣ್ಣಿನಷ್ಟು, ಅಂದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಜಾಗಕ್ಕೆ ಸಾಕು. ಮುಖಕ್ಕೆ ಹೈಡ್ರೋಕಾರ್ಟಿಸೋನ್ ಬ್ಯುಟಿರೇಟ್ ಎಂಬ ಇನ್ನೊಂದು ಸ್ಟೀರಾಯ್ಡ್. ರೆಪ್ಪೆಗೆ ಸ್ಟೀರಾಯ್ಡ್ ಬೇಡವೇ ಬೇಡ, ಕಣ್ಣಿನೊಳಗಿನ ಒತ್ತಡ ಏರಬಹುದು, ಅಲ್ಲಿ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮು. ಚರ್ಮ ತೆಳುವಾಗಿ ಸಣ್ಣ ಕೆಂಪು ರಕ್ತನಾಳ ಕಂಡರೆ ಮುಲಾಮು ನಿಲ್ಲಿಸುತ್ತೇನೆ. ಮೆಡಿಕಲ್ ಅಂಗಡಿಯಿಂದ ತಂದ ಕ್ಲೋಬೆಟಾಸಾಲ್ (ಬಲು ಜೋರಿನ ಸ್ಟೀರಾಯ್ಡ್) ಟ್ಯೂಬನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿ ಬಂದವರಲ್ಲಿ ಇದು ಮೊದಲ ದಿನವೇ ಕಾಣುತ್ತದೆ.

ಬಾವಂಚಿ ಎಣ್ಣೆ ಹಚ್ಚುತ್ತೀರಾ ಎಂದು ನೇರವಾಗಿ ಕೇಳಬೇಕು, ತಾವಾಗಿ ಹೇಳುವವರು ಕಡಿಮೆ. ಅದರಲ್ಲಿ ಚರ್ಮ ಬಿಸಿಲಿಗೆ ಬೇಗ ಸುಡುವಂತೆ ಮಾಡುವ ಸೊರಾಲೆನ್ ಇದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದೊಂದೇ ಸಾಕು ಬೊಬ್ಬೆ ಏಳಿಸಲು. ಲೇಸರ್ ಆದ ದಿನ ಮಚ್ಚೆಗೆ ಬಿಸಿಲು ತಾಗಬಾರದು. ಜೀನ್ಸ್ ಹೊಲಿಯುವ ಊರಲ್ಲಿ ಬಿಗಿ ಪ್ಯಾಂಟ್ ಬೇಡವೆಂದರೆ ನಗುತ್ತಾರೆ, ಆದರೆ ರೋಗ ಹಬ್ಬುತ್ತಿರುವಾಗ ಸೊಂಟಪಟ್ಟಿ, ಲಂಗದ ಲಾಡಿ ಉಜ್ಜಿದ ಗೆರೆಯಲ್ಲೇ ಹೊಸ ಮಚ್ಚೆ ಏಳುತ್ತದೆ.

ಕೂದಲ ಬುಡದ ಸುತ್ತ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ ಮೂಡಿದರೆ ದಾರಿ ಸರಿ. ಮೂರು ತಿಂಗಳಾದರೂ ಒಂದೂ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ, ರೋಗ ವರ್ಷದಿಂದ ಹಬ್ಬದೆ ನಿಂತವರಿಗೆ ಚರ್ಮ ಕಸಿಯ ಮಾತು ತೆಗೆಯುತ್ತೇನೆ. ಬಣ್ಣ ಪೂರ್ತಿ ತುಂಬಿದವರಿಗೆ ಅದು ಉಳಿಯಲೆಂದು ಟ್ಯಾಕ್ರೋಲಿಮಸ್ 0.1% ವಾರಕ್ಕೆರಡು ಸಲ ಮುಂದುವರಿಯುತ್ತದೆ.