ಅಗ್ಗದ ಎಸಿ ಫಿಲ್ಟರ್ ಆರಿಸುವುದು, ಕೂರಿಸುವುದು: ನನ್ನ ಅನುಭವ

ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಎಸಿ ಫಿಲ್ಟರ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದರ ಅಂಚು. ಧೂಳು ಹಿಡಿಯುವ ಹಾಳೆಯ ಮಡಿಕೆ ಎಷ್ಟೇ ಒಳ್ಳೆಯದಿರಲಿ, ಪಕ್ಕದಲ್ಲಿ ಎರಡು ಮಿಲಿಮೀಟರ್ ಸಂದು ಉಳಿದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಧೂಳೂ ಜೊತೆಗೇ ಬರುತ್ತದೆ. ಬಿಗಿಯಾಗಿ ಕೂರುವ 250 ರೂಪಾಯಿಯ ಸಾದಾ ಫಿಲ್ಟರ್, ಸಡಿಲಾಗಿ ಕೂತ 700 ರೂಪಾಯಿಯ ಕಾರ್ಬನ್ (ಇದ್ದಿಲು) ಫಿಲ್ಟರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ನಮ್ಮ ಭಾಗದ ಧೂಳಿಗೆ ಬಗೆ ಬಹಳ. ಹುಬ್ಬಳ್ಳಿ-ಧಾರವಾಡದ ನಡುವೆ ರಸ್ತೆ ಕೆಲಸದ ಸಣ್ಣ ಪುಡಿ, ಅಣ್ಣಿಗೇರಿ-ಗದಗ ದಾರಿಯಲ್ಲಿ ಎರೆ ಮಣ್ಣು ಮತ್ತು ಹತ್ತಿ ಎಳೆ, ಸುಗ್ಗಿಯಲ್ಲಿ ರಸ್ತೆ ಮೇಲೆ ಹರವಿದ ರಾಶಿಯ ಹೊಟ್ಟು. ಸೀಸನ್ನಿನಲ್ಲಿ ಬ್ಯಾಡಗಿ ಮಾರುಕಟ್ಟೆ ಹತ್ತಿರ ಹಾದರೆ ಮೆಣಸಿನಕಾಯಿ ಘಾಟು ಬೇರೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಅನ್ನುತ್ತಾರೆ; ಎಸಿ ವೆಂಟಿನಿಂದ ಬಂದ ಅದರ ಪುಡಿಗೆ ಆ ಮಾತು ಹೊಂದುವುದಿಲ್ಲ. ಕಂಪನಿಯ ಪುಸ್ತಕದಲ್ಲಿ ಸಾಮಾನ್ಯವಾಗಿ 10,000ದಿಂದ 15,000 ಕಿಲೋಮೀಟರ್ ಅಥವಾ ವರ್ಷಕ್ಕೊಮ್ಮೆ ಬದಲಿಸಿ ಎಂದಿರುತ್ತದೆ. ಇಲ್ಲಿ ಮೇ ಕೊನೆಗೆ, ಮಳೆ ಹಿಡಿಯುವ ಮೊದಲೇ ಹೊಸದು ಹಾಕುವುದು ಒಳ್ಳೆಯದು. ಧೂಳು ತುಂಬಿದ ಹಳೆ ಫಿಲ್ಟರಿಗೆ ತೇವ ತಾಗಿದರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಶುರುವಾಗುತ್ತದೆ.

ಅಂಗಡಿಗೆ ಹೋಗುವ ಮುಂಚೆ ಹಳೆಯದನ್ನು ತೆಗೆದು ಉದ್ದ, ಅಗಲ, ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದಿಡಿ. ಆಗುವುದಾದರೆ ಅದನ್ನೇ ಚೀಲದಲ್ಲಿ ಒಯ್ಯಿರಿ. ಕೌಂಟರಿನಲ್ಲಿ ‘ಎಸಿ ಫಿಲ್ಟರ್’ ಅಂತಲೇ ಕೇಳಿ, ಬರೀ ಏರ್ ಫಿಲ್ಟರ್ ಅಂದರೆ ಎಂಜಿನ್ನಿನದು ಕೊಡುತ್ತಾರೆ. ಗಾಡಿಯ ಹೆಸರಷ್ಟೇ ಸಾಲದು, ತಯಾರಾದ ವರ್ಷವೂ ಬೇಕು. ಹೆಸರು ಅದೇ ಇದ್ದು ಮಾದರಿ ಬದಲಾದಾಗ ಅಳತೆಯೂ ಬದಲಾಗಿರಬಹುದು. “ಇದs ಕೂಡತೈತ್ರಿ ಸರ, ಸ್ವಲ್ಪ ಒತ್ತಿ ಹಾಕ್ರಿ” ಅಂದರೆ ತಗೊಳ್ಳಬೇಡಿ. ಒತ್ತಿದಾಗ ಚೌಕಟ್ಟು ಬಾಗಿ ನಡುವೆ ಸಂದು ಬಿಡುತ್ತದೆ.

ಸಣ್ಣ ಕಾರುಗಳ ಸಾದಾ ಫಿಲ್ಟರ್ ಸುಮಾರು 150ರಿಂದ 350 ರೂಪಾಯಿಗೆ ಸಿಗುತ್ತದೆ. ಬಾಷ್, ಮಾನ್, ಪ್ಯೂರೊಲೇಟರ್ ಯಾವುದಾದರೂ ನಡೆಯುತ್ತದೆ. ಬೆಳಕಿಗೆ ಹಿಡಿದಾಗ ತೂತು ಕಾಣಬಾರದು, ಮಡಿಕೆಗಳ ನಡುವಿನ ಅಂತರ ಒಂದೇ ಸಮ ಇರಬೇಕು, ಅಂಚಿನ ಫೋಮ್ ಅಥವಾ ಬಟ್ಟೆಪಟ್ಟಿ ಕಿತ್ತಿರಬಾರದು. ಕಾರ್ಬನ್ ಇದ್ದದ್ದು ಹೊಗೆ, ಗಟಾರದ ವಾಸನೆ ತಗ್ಗಿಸುತ್ತದೆ. ಕೊಳ್ಳುವ ಮುನ್ನ ಬಿಳಿ ಹಾಳೆ ಮೇಲೆ ಒಮ್ಮೆ ಕೊಡವಿ, ಕರಿ ಹರಳು ಉದುರಿದರೆ ವಾಪಸ್ ಕೊಡಿ. ತೊಳೆದು ಮತ್ತೆ ಹಾಕಬಹುದು ಎಂದು ಮಾರುವ ನೈಲಾನ್ ಜಾಲರಿ ಎಲೆ-ಕಡ್ಡಿ ತಡೆಯುತ್ತದೆಯೇ ಹೊರತು ಧೂಳನ್ನಲ್ಲ.

ಬಹಳಷ್ಟು ಕಾರುಗಳಲ್ಲಿ ಫಿಲ್ಟರ್ ಇರುವುದು ಗ್ಲೋವ್ ಬಾಕ್ಸ್ ಹಿಂದೆ. ಗಾಡಿ ಆಫ್ ಮಾಡಿ ಕೀಲಿ ಹೊರತೆಗೆದು, ಬಾಕ್ಸ್ ಖಾಲಿ ಮಾಡಿ. ಪಕ್ಕದಲ್ಲಿ ಡ್ಯಾಂಪರಿನ (ಬಾಕ್ಸ್ ಧಡಕ್ಕನೆ ಬೀಳದಂತೆ ತಡೆಯುವ ಭಾಗ) ದಾರವೋ ಕಡ್ಡಿಯೋ ಇದ್ದರೆ ಅದನ್ನು ಮೊದಲು ಬಿಡಿಸಬೇಕು, ಇಲ್ಲವಾದರೆ ಅದರ ಕೊಕ್ಕೆ ಮುರಿಯುತ್ತದೆ. ಆಮೇಲೆ ಬಾಕ್ಸಿನ ಎರಡೂ ಬದಿಯನ್ನು ಒಳಕ್ಕೆ ಒತ್ತಿದರೆ ತಡೆಗಳು ಜಾರಿ ಅದು ಕೆಳಗಿಳಿಯುತ್ತದೆ. ಕೆಲವು ಮಾದರಿಗಳಲ್ಲಿ ತಡೆಯನ್ನು ತಿರುವಿ ಎಳೆಯಬೇಕು. ಹಿಂದೆ ಕಾಣುವ ಉದ್ದನೆಯ ಮುಚ್ಚಳದ ಕ್ಲಿಪ್ ಒತ್ತಿ ಫಿಲ್ಟರನ್ನು ಅಲುಗಿಸದೆ ಎಳೆಯಿರಿ. ಕೊಡವಿದರೆ ಮೇಲಿನ ಎಲೆಯೆಲ್ಲ ಬ್ಲೋವರಿನೊಳಗೆ (ಗಾಳಿ ದೂಡುವ ಫ್ಯಾನ್) ಬಿದ್ದು ಆಮೇಲೆ ಟರ್ರ್ ಎನ್ನುತ್ತದೆ. ಬಿದ್ದರೂ ಕೈ ಹಾಕುವುದಕ್ಕಿಂತ ವ್ಯಾಕ್ಯೂಮ್ ಕ್ಲೀನರಿನ ಸಣ್ಣ ಕೊಳವೆ ಹಾಕುವುದು ಸುಲಭ. ಇಲಿಹಿಕ್ಕೆ ಕಂಡರೆ ಮಾಸ್ಕ್, ಗ್ಲೌಸ್ ಹಾಕಿ ಸೋಂಕುನಾಶಕ ಚಿಮುಕಿಸಿ, ಒದ್ದೆ ಬಟ್ಟೆಯಿಂದ ಎತ್ತಿ. ಒಣಗಿದ್ದನ್ನು ಗುಡಿಸಲೂ ಬಾರದು, ವ್ಯಾಕ್ಯೂಮಿನಿಂದ ಎಳೆಯಲೂ ಬಾರದು.

ಮುಚ್ಚಳ ತೆಗೆದಾಗ ಒಳಗೆ ಫಿಲ್ಟರೇ ಇಲ್ಲದಿದ್ದರೆ ಆಶ್ಚರ್ಯಪಡಬೇಡಿ. ಹಳೆಯ ಬೇಸ್ ಮಾಡೆಲ್‌ಗಳಲ್ಲಿ ಜಾಗ ಬಿಟ್ಟು ಫಿಲ್ಟರ್ ಕೊಡದೆ ಇದ್ದದ್ದುಂಟು. ಕೆಲವದರಲ್ಲಿ ಆ ಜಾಗವನ್ನು ಪ್ಲಾಸ್ಟಿಕ್ಕಿನಿಂದಲೇ ಮುಚ್ಚಿರುತ್ತಾರೆ, ಗೆರೆ ಹಿಡಿದು ಕತ್ತರಿಸಬೇಕಾಗುತ್ತದೆ. ಆಗ ಮುಚ್ಚಳ ಬೇರೆ ಕೊಳ್ಳಬೇಕು, ಅದು ಸಿಗುತ್ತದೆ ಎಂದು ಖಾತ್ರಿಯಾದ ಮೇಲೇ ಚಾಕು ಹಾಕಿ.

ಹೆಚ್ಚು ಜನ ತಪ್ಪುವುದು ಬಾಣದ ಗುರುತಿನಲ್ಲಿ. ‘ಏರ್ ಫ್ಲೋ’ ಎಂದಿದ್ದರೆ ಬಾಣ ಗಾಳಿ ಹೋಗುವ ದಿಕ್ಕಿಗೆ. ‘ಅಪ್’ ಎಂದಿದ್ದರೆ ಆ ಬದಿ ಮೇಲಕ್ಕೆ. ಎರಡೂ ಬೇರೆ ಬೇರೆ. ಫ್ಯಾನಿನ ಮೇಲೆ ಅಡ್ಡವಾಗಿ ಕೂರುವ ಫಿಲ್ಟರಿಗೆ ಗಾಳಿಯ ಬಾಣ ಕೆಳಗೆ ಬರುತ್ತದೆ. ಫ್ಯಾನ್ ಮತ್ತು ಕೂಲಿಂಗ್ ಕಾಯಿಲ್ ನಡುವೆ ನೆಟ್ಟಗೆ ನಿಲ್ಲುವುದಾದರೆ ಕಾಯಿಲ್ ಕಡೆಗೆ. ಅನುಮಾನವಿದ್ದರೆ ಹಳೆಯದನ್ನು ನೋಡಿ: ಕೊಳೆ ಹಿಡಿದ ಮೈ ಇರುವ ಕಡೆಯಿಂದ ಗಾಳಿ ಬರುತ್ತದೆ.

ಮುಚ್ಚಳ ಎರಡೂ ಕಡೆ ಟಕ್ ಅನ್ನಬೇಕು. ಕ್ಲಿಪ್ ಮುರಿದಿದ್ದರೆ ಸುತ್ತ ಟೇಪ್ ಹಚ್ಚಿ, ಅಲ್ಲಿ ಸೋರಿದ ಗಾಳಿ ಸಿಳ್ಳೆ ಹಾಕುತ್ತದೆ. ಬಾಕ್ಸ್ ಹಾಕುವ ಮೊದಲೇ ಬ್ಲೋವರನ್ನು ಪೂರ್ತಿ ವೇಗಕ್ಕಿಟ್ಟು ಮುಚ್ಚಳದ ಸುತ್ತ ಬೆರಳು ಆಡಿಸಿದರೆ ಸೋರಿಕೆ ತಿಳಿಯುತ್ತದೆ.

ಪಂಕ್ಚರ್ ಅಂಗಡಿಯ ಗಾಳಿಯಿಂದ ಹಳೆಯದನ್ನು ಊದಿಸಿ ಮತ್ತೆ ಹಾಕುವವರು ಬಹಳ. ಅಷ್ಟು ಒತ್ತಡಕ್ಕೆ ಎಳೆ ಬಿಚ್ಚಿಕೊಳ್ಳುತ್ತದೆ. ಚಳಿಗಾಲದಲ್ಲಿ ಒಮ್ಮೆ ಸ್ವಚ್ಛ ಮಾಡುವುದಿದ್ದರೆ ಕೊಳೆ ಮೈಯನ್ನು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಬೇಕಾದರೆ ವ್ಯಾಕ್ಯೂಮ್ ಹಿಡಿಯಿರಿ. ನೀರು ಮುಟ್ಟಿಸಬೇಡಿ: ಸಣ್ಣ ಕಣ ಹಿಡಿಯುವ ವಿದ್ಯುತ್ ಚಾರ್ಜ್ ಎಳೆಗಳಲ್ಲಿ ಕುಂದುತ್ತದೆ. ಫಿಲ್ಟರ್ ತೆಗೆದು ಹಾಗೇ ಓಡಿಸುವುದಂತೂ ಬೇಡ. ತೇವದ ಕಾಯಿಲ್ ಮೇಲೆ ಧೂಳು ಕೂತು ಕೆಸರಾದರೆ ಗಾಳಿ ಕಡಿಮೆಯಾಗುತ್ತದೆ, ವಾಸನೆ ಹೋಗುವುದಿಲ್ಲ. ಅದನ್ನು ಪೂರ್ತಿ ಸ್ವಚ್ಛ ಮಾಡಲು ಎಷ್ಟೋ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಬಿಲ್ಲು ಸಾವಿರಗಳಲ್ಲಿ ಬರುತ್ತದೆ.