ಬೆಕ್ಕಿನ ಕಣ್ಣಲ್ಲಿ ಗೀಜು: ನಾನು ಮೊದಲು ನೋಡುವುದು ಏನು?

ಸಕಲೇಶಪುರದ ಹತ್ತಿರ ನಮ್ಮ ತೋಟದ ಮನೆ. ಬೆಕ್ಕುಗಳು ಒಳಗೂ ಇರುತ್ತವೆ, ಕಾಫಿ ಕಣದಲ್ಲೂ ಬಿದ್ದುಕೊಂಡಿರುತ್ತವೆ, ಹಾಗಾಗಿ ಕಣ್ಣಿನ ತೊಂದರೆ ಆಗಾಗ ಇದ್ದದ್ದೇ. ಗೀಜು ಕಂಡ ಕೂಡಲೇ ನಾನು ಔಷಧಿ ಹುಡುಕುವುದಿಲ್ಲ. ಕಿಟಕಿ ಬೆಳಕಲ್ಲಿ ಕೂರಿಸಿಕೊಂಡು ಕಣ್ಣು ನೋಡುತ್ತೇನೆ.

ಮೂಲೆಯಲ್ಲಿ ಚೂರು ಕಂದು ಗೀಜು ಒಣಗಿದೆ, ಕಣ್ಣು ಪೂರ್ತಿ ತೆರೆದು ಹೊಳೆಯುತ್ತಿದೆ ಅಂದರೆ ಸುಮ್ನೆ ಒರೆಸಿ ಬಿಡುತ್ತೇನೆ. ಕಣ್ಣೀರು ಒಣಗಿದಾಗ ಆ ಬಣ್ಣ ಬರುತ್ತದೆ, ರಕ್ತ ಅಲ್ಲ. ಹಳದಿ ಅಥವಾ ಹಸಿರು ಕೀವಾದರೆ ಸೋಂಕು. ಎರಡೂ ಕಣ್ಣಲ್ಲಿ ಸುರಿಯುತ್ತಾ ಸೀನೂ ಇದ್ದರೆ ಹೆಚ್ಚಾಗಿ ಬೆಕ್ಕಿನ ಫ್ಲೂ. ಅದಕ್ಕೆ ಕಾರಣವಾಗುವ ಹರ್ಪಿಸ್ ವೈರಸ್ ಒಮ್ಮೆ ಬಂದರೆ ಮೈಯಲ್ಲೇ ಉಳಿಯುತ್ತದೆ, ಮನೆಗೆ ಹೊಸ ಬೆಕ್ಕು ಬಂದರೂ ಸಾಕು, ಆ ಗಾಬರಿಗೆ ಮತ್ತೆ ಕೆರಳುತ್ತದೆ. ಈ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಬೇರೆ ಬೆಕ್ಕಿಗೆ ಬೇಗ ಹರಡುತ್ತದೆ, ಅದಕ್ಕೇ ಊಟದ ತಟ್ಟೆ, ಮಲಗುವ ಜಾಗ ಬೇರೆ ಮಾಡುತ್ತೇನೆ. ಮೂಗು ಕಟ್ಟಿದರೆ ವಾಸನೆ ತಿಳಿಯದೆ ಊಟ ಬಿಡುತ್ತವೆ, ಆಗ ಮೀನು ಬೆಚ್ಚಗೆ ಮಾಡಿ ಇಟ್ಟರೆ ತಿನ್ನುತ್ತವೆ.

ನನಗೆ ನಿಜವಾಗಿ ಭಯ ಆಗುವುದು ಬೆಕ್ಕು ಒಂದು ಕಣ್ಣನ್ನು ಅರ್ಧ ಮುಚ್ಚಿಕೊಂಡು ಕೂತಾಗ. ಅದು ನೋವಿನ ಗುರುತು, ಗೀಜು ನೀರಿನಷ್ಟು ತೆಳುವಾಗಿದ್ದರೂ ಸರಿ. ಹೋದ ಸುಗ್ಗಿಯಲ್ಲಿ ನಮ್ಮ ಕೆಂಚಿ ಹೀಗೇ ಮಾಡಿದಳು. ಅತ್ತೆಯವರ ಪೊರೆ ಆಪರೇಷನ್ ಆದಾಗ ಕೊಟ್ಟಿದ್ದ ಡ್ರಾಪ್ಸ್ ಮನೆಯಲ್ಲಿ ಉಳಿದಿತ್ತು. "ಒಂದು ಹನಿ ಬಿಡು, ಕಣ್ಣಿಂದೇ ಔಷಧಿ ಅಲ್ವಾ" ಅಂದರು. ನಾನು ಒಪ್ಪಲಿಲ್ಲ, ಬುಟ್ಟಿಯಲ್ಲಿ ಹಾಕಿಕೊಂಡು ಹಾಸನಕ್ಕೆ ಹೋದೆ. ಡಾಕ್ಟರು ಕಣ್ಣಿಗೆ ಕಿತ್ತಳೆ ಬಣ್ಣದ ಒಂದು ಪಟ್ಟಿ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು, ಕಪ್ಪುಗುಡ್ಡೆಯ ಮೇಲೆ ಒಂದು ಗೆರೆ ಹಸಿರಾಗಿ ಹೊಳೆಯಿತು. ಗೀರು ಗಾಯ! ಪೊರೆ ಆಪರೇಷನ್ ಆದ ಮೇಲೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಇಂಥ ಗಾಯಕ್ಕೆ ಅದು ಬಿದ್ದರೆ ಗಾಯ ಮಾಯುವುದಿಲ್ಲ, ಇನ್ನೂ ಆಳಕ್ಕೆ ಹೋಗಿ ಕಣ್ಣೇ ಹೋಗಬಹುದು. ಹರ್ಪಿಸ್ ಇದ್ದರೂ ಅದು ಅಪಾಯವೇ. ದಯವಿಟ್ಟು ಮನೆಯಲ್ಲಿ ಉಳಿದ ಡ್ರಾಪ್ಸ್ ಹಾಕಬೇಡಿ.

ಒರೆಸುವುದು ಮಾತ್ರ ನಾವೇ ಮಾಡಬಹುದು. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ, ಒಣಗಿದ ಗೀಜಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತೇನೆ, ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಕ್ಕೆ ಒರೆಸುತ್ತೇನೆ. ಕಿತ್ತು ತೆಗೆಯಬಾರದು. ಒಂದು ಕಣ್ಣಿಗೆ ಮುಟ್ಟಿಸಿದ ಹತ್ತಿ ಇನ್ನೊಂದಕ್ಕೆ ಬೇಡ. ಪರಚುವ ಬೆಕ್ಕಾದರೆ ಟವೆಲಲ್ಲಿ ಸುತ್ತಿಕೊಳ್ಳಿ.

ಮರಿಗಳ ವಿಷಯ ಬೇರೆ. ಹುಟ್ಟಿದ 7ರಿಂದ 14 ದಿನದೊಳಗೆ ಕಣ್ಣು ಬಿಡುತ್ತವೆ. ಅದಕ್ಕೂ ಮೊದಲೇ ಮುಚ್ಚಿದ ರೆಪ್ಪೆ ಉಬ್ಬಿದ್ದರೆ ಒಳಗೆ ಕೀವು ತುಂಬಿರಬಹುದು, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು.