ಬೆಂಕಿ ರೋಗ ಭತ್ತಕ್ಕೆ ಕನ್ನ ಹಾಕುವುದು ಹೇಗೆ?

ಭತ್ತದ ಗರಿಯ ಮೇಲೆ ಕಣ್ಣಿನಾಕಾರದ ಚುಕ್ಕೆ. ಎರಡೂ ತುದಿ ಚೂಪು, ನಡುವೆ ಬೂದಿ ಬಣ್ಣ, ಅಂಚು ಕಂದು. ಬೆಂಕಿ ರೋಗ ಅಂತ ನಮಗೆ ಗೊತ್ತಾಗುವುದು ಆಗಲೇ. ಆದರೆ ಈ ರೋಗ ತರುವ ಶಿಲೀಂಧ್ರ ಒಳಗೆ ಹೊಕ್ಕು ಅಷ್ಟು ಹೊತ್ತಿಗೆ ನಾಲ್ಕೈದು ದಿನ ಕಳೆದಿರುತ್ತದೆ. ಅಲ್ಲಿಯವರೆಗೆ ಗಿಡ ಸುಮ್ನೆ ಯಾಕಿತ್ತು?

ಮೊದಲ ಕೆಲಸ ಅಂಟಿಕೊಳ್ಳುವುದು. ಗಾಳಿಯಲ್ಲಿ ಬಂದ ಬೀಜಕ, ಅಂದರೆ ಶಿಲೀಂಧ್ರದ ಬೀಜದಂಥ ಕಣ, ಗರಿಯ ಮೇಲೆ ಬೀಳುತ್ತದೆ. ಇಬ್ಬನಿಯ ತೇವ ಸಿಕ್ಕರೆ ತುದಿಯಿಂದ ಅಂಟು ಬಿಟ್ಟು ಕೂರುತ್ತದೆ.

ಎರಡನೆಯದು ಕೊರೆಯುವುದು. ಬೀಜಕ ಮೊಳೆಯುತ್ತದೆ. ಆ ಮೊಳಕೆಯ ತುದಿ ಗುಮ್ಮಟದಂತೆ ಊದಿಕೊಂಡು ಗೋಡೆಗೆ ಮೆಲನಿನ್ ಎಂಬ ಕಪ್ಪು ಬಳಿದುಕೊಳ್ಳುತ್ತದೆ. ಅದರ ಬಲದಿಂದ ಒಳಗಿನ ಒತ್ತಡ ವಾಯುಮಂಡಲದ 80 ಪಟ್ಟಿನವರೆಗೂ ಏರುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಪಟ್ಟು ಚಿಲ್ಲರೆ, ಅಷ್ಟೇ! ಆ ಒತ್ತಡಕ್ಕೆ ಸಣ್ಣ ಮೊಳೆಯೊಂದು ಗರಿಯನ್ನು ತೂರಿ ಒಳಗಿಳಿಯುತ್ತದೆ. ಟ್ರೈಸೈಕ್ಲಜೋಲ್ ಔಷಧಿ ತಡೆಯುವುದು ಈ ಮೆಲನಿನ್ನನ್ನೇ. ಹಾಗಾಗಿ ಶಿಲೀಂಧ್ರ ಒಳಹೊಕ್ಕ ಮೇಲೆ ಸಿಂಪಡಿಸಿದರೆ ಆಗಲೇ ಆದ ಚುಕ್ಕೆ ವಾಸಿಯಾಗದು.

ನಿಜವಾದ ಕೈಚಳಕ ಇರುವುದು ಒಳಗೆ. ಗಿಡವೇನು ಪೆದ್ದಲ್ಲ. ಶಿಲೀಂಧ್ರದ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ವಸ್ತು ಇರುತ್ತದೆ. ಗಿಡದ ಕಿಣ್ವಗಳು ಅದನ್ನು ಚೂರು ಮಾಡುತ್ತವೆ. ಒಂದು ಚೂರು ಗಿಡದ ಕಾವಲು ಪ್ರೋಟೀನಿಗೆ ತಾಗಿದರೂ ಸಾಕು, ಎಚ್ಚರಿಕೆ ಮೊಳಗುತ್ತದೆ. ಇದಕ್ಕೇ ಶಿಲೀಂಧ್ರ ಸ್ಲಪ್1 ಎಂಬ ಪ್ರೋಟೀನು ಬಿಡುತ್ತದೆ. ಅದು ಆ ಚೂರುಗಳನ್ನು ಮೊದಲೇ ಬಾಚಿಕೊಳ್ಳುತ್ತದೆ. ಕಳ್ಳ ತನ್ನ ಹೆಜ್ಜೆ ಗುರುತನ್ನು ತಾನೇ ಗುಡಿಸಿಕೊಂಡು ಹೋದ ಹಾಗೆ!

ಶಿಲೀಂಧ್ರದ ಇನ್ನು ಕೆಲವು ಪ್ರೋಟೀನುಗಳು ಗಿಡದ ಜೀವಕೋಶದೊಳಗೇ ನುಗ್ಗುತ್ತವೆ. ಎವಿಆರ್-ಪಿಕ್ ಎಂಬುದು ಹೋಗಿ ಗಿಡದ ಒಂದು ಬಗೆಯ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಆದರೆ ಕೆಲವು ಭತ್ತದ ತಳಿಗಳು ಇದಕ್ಕೊಂದು ಗಾಳ ಹಾಕಿಟ್ಟಿವೆ. ಗಿಡದ ಆ ಪ್ರೋಟೀನಿನಂಥದೇ ತುಂಡೊಂದು ಅವುಗಳ ಕಾವಲುಗಾರನ ಮೈಗೆ ಅಂಟಿಕೊಂಡಿದೆ. ಎವಿಆರ್-ಪಿಕ್ ಅದಕ್ಕೆ ಬಾಯಿ ಹಾಕಿತೋ, ಸಿಕ್ಕಿಬಿತ್ತು. ಆ ಜೀವಕೋಶ ತಾನೇ ಸತ್ತು ಶಿಲೀಂಧ್ರದ ದಾರಿ ಕಟ್ಟುತ್ತದೆ. ಮೊದಲ ದಿನಗಳಲ್ಲಿ ಶಿಲೀಂಧ್ರಕ್ಕೆ ಬದುಕಿರುವ ಜೀವಕೋಶವೇ ಬೇಕು, ನೋಡಿ.

ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ಎವಿಆರ್-ಪಿಕ್‌ನಲ್ಲಿ ಒಂದೆರಡು ಅಮೈನೋ ಆಮ್ಲ (ಪ್ರೋಟೀನು ಕಟ್ಟುವ ಇಟ್ಟಿಗೆ) ಬದಲಾದರೆ ಗಾಳಕ್ಕೆ ಸಿಗದೆ ಜಾರಿಕೊಳ್ಳುತ್ತದೆ. ರೋಗ ತಡೆಯುತ್ತಿದ್ದ ತಳಿಗೂ ಕೆಲವು ವರ್ಷಗಳಲ್ಲಿ ಬೆಂಕಿ ರೋಗ ಬರುವುದು ಹೀಗೇ. ಯೂರಿಯಾ ಜಾಸ್ತಿ ಸುರಿದ ಗದ್ದೆಯಲ್ಲಂತೂ ಅದಕ್ಕೆ ಹಬ್ಬ.

ನಿಮ್ಮ ಗದ್ದೆಯಲ್ಲಿ ಯಾರು ಗೆಲ್ಲುತ್ತಿದ್ದಾರೆ ಅಂತ ನೋಡಬೇಕಾ? ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆ ಕಂಡ ಗರಿಗೆ ದಾರ ಕಟ್ಟಿ ಬನ್ನಿ. ಮೂರ್ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. ಚುಕ್ಕೆ ಅಷ್ಟಕ್ಕೇ ನಿಂತಿದ್ದರೆ ಕಳ್ಳ ಅಲ್ಲೇ ಸಿಕ್ಕಿಬಿದ್ದಿರಬಹುದು. ಉದ್ದಕ್ಕೆ ಹಿಗ್ಗಿ ನಡುವೆ ಬೂದಿ ಬಣ್ಣ ಬಂದಿದ್ದರೆ ಮನೆಯೊಳಗೆ ಓಡಾಡುತ್ತಿದ್ದಾನೆ.